ಕಿತ್ತಳೆ ಬಣ್ಣದ ಗೀಟು

ನಟ್ಟು ಬೆರಳಿಗೇ ತಿರುಗಿತು.

ಸ್ಪ್ಯಾನರ್ ಬೇಕಾಗಲಿಲ್ಲ, ಬಲ ಹಾಕಬೇಕಾಗಲಿಲ್ಲ. ಜಾಮಿನ ಬಾಟಲಿಯ ಮುಚ್ಚಳದ ಹಾಗೆ ಆರಾಮಾಗಿ ತಿರುಗಿತು. ನಾನು ವಾಲ್ಡೊ ಟ್ರಾಸ್ಕನ ಜೆಟ್ಟಿನ ಹೊಟ್ಟೆಯ ಕೆಳಗೆ, ಕೊರೆಯುವ ಸಿಮೆಂಟು ನೆಲದ ಮೇಲೆ ಅಂಗಾತ ಬಿದ್ದಿದ್ದೆ. ಟ್ಯಾಂಕಿನಿಂದ ಇಂಜಿನ್ನಿಗೆ ಇಂಧನ ಒಯ್ಯುವ ಕೊಳವೆಯ ಕೊನೆಯ ನಟ್ಟು ಅದು. ಸುಮ್ಮನೆ ಮುಟ್ಟಿದ್ದೆ ಅಷ್ಟೆ.

ಸಡಿಲ ನಟ್ಟುಗಳನ್ನು ಜೀವನದಲ್ಲಿ ಬೇಕಾದಷ್ಟು ನೋಡಿದ್ದೇನೆ. ವಿಮಾ ಕಂಪನಿಯ ಪರವಾಗಿ ಬಿದ್ದ ವಿಮಾನಗಳ ಚೂರು ಹೆಕ್ಕುತ್ತಾ ಕೂದಲು ಬೆಳ್ಳಗಾದವಳು ನಾನು, ಇಡಾ ಕೆಸ್ಲರ್. ಆದರೆ ನಾನು ತಿರುಗಿಸುವ ಮುಂಚೆ ಈ ನಟ್ಟಿನ ಮೇಲೆ ಕಿತ್ತಳೆ ಬಣ್ಣದ ಗೀಟು ನೆಟ್ಟಗೆ, ಎಲ್ಲೂ ಒಡೆಯದೆ ಕೂತಿತ್ತು.

ನಮ್ಮ ಜೂನಿಪರ್ ಫ್ಲಾಟ್ ಊರಿನಲ್ಲಿ ಮನೆಯಲ್ಲೇ ವಿಮಾನ ಕಟ್ಟುವ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ. ನಟ್ಟನ್ನು ಸರಿಯಾಗಿ ಬಿಗಿ ಮಾಡಿದ ಮೇಲೆ ನಟ್ಟು ಬೋಲ್ಟು ಎರಡನ್ನೂ ಸೇರಿಸಿ ಒಂದು ಗೀಟು ಎಳೆಯಬೇಕು. ನಟ್ಟು ಕೂದಲೆಳೆಯಷ್ಟು ಜರುಗಿದರೂ ಒಣಗಿದ ಗೀಟು ಒಡೆದು ಕಣ್ಣಿಗೆ ಬೀಳುತ್ತದೆ. ಗೀಟು ಎಳೆಯುವುದೆಂದರೆ 'ಇದನ್ನು ನಾನೇ ಬಿಗಿ ಮಾಡಿದ್ದೇನೆ, ನಂಬು' ಎಂದು ಆಣೆ ಹಾಕಿದ ಹಾಗೆ. ವಾಲ್ಡೊನದು ಕಿತ್ತಳೆ. ಪಕ್ಕದ ಮನೆಯ ಡ್ವೈಟನದು ಹಸಿರು. ಇನ್ನೊಬ್ಬರ ಬಣ್ಣ ಮುಟ್ಟುವುದೆಂದರೆ ಇನ್ನೊಬ್ಬರ ಹಲ್ಲುಜ್ಜುವ ಬ್ರಷ್ ಮುಟ್ಟಿದ ಹಾಗೆ, ಯಾರೂ ಮಾಡುವುದಿಲ್ಲ.

ಬೆರಳನ್ನು ಟಾರ್ಚಿನ ಬೆಳಕಿಗೆ ಹಿಡಿದೆ. ತುದಿಗೆ ಕಿತ್ತಳೆ ಬಣ್ಣ ಮೆತ್ತಿಕೊಂಡಿತ್ತು. ಗೀಟು ಇನ್ನೂ ಹಸಿಯಾಗಿತ್ತು.

ಅಂದರೆ ಯಾರೋ ನಟ್ಟನ್ನು ಸಡಿಲ ಮಾಡಿ, ಸಡಿಲಾದ ಮೇಲೆ ಗೀಟು ಎಳೆದಿದ್ದಾರೆ. ಪರೀಕ್ಷೆಗೆ ಬಂದವರ ಕಣ್ಣಿಗೆ ಎಲ್ಲಾ ಸರಿಯಿದೆ ಎಂದು ಕಾಣಬೇಕು. ಇಂಜಿನ್ ಪೂರ್ತಿ ಜೋರಾದಾಗ ಪಂಪಿನ ಒತ್ತಡಕ್ಕೆ ಇಲ್ಲಿಂದ ಇಂಧನ ಚಿಮ್ಮಬೇಕು, ಒಂದು ಗೇಣು ದೂರದಲ್ಲಿ ಕೆಂಪಗೆ ಕಾದಿರುವ ಇಂಜಿನ್ನಿನ ಮೇಲೆ.

ಹೋದ ವಾರ ನೆಲದ ಮೇಲೆ ಓಡಿಸಿ ನೋಡುವಾಗ ಬ್ರೇಕಿನ ಕೊಳವೆ ಕಳಚಿ ಜೆಟ್ಟು ಬೇಲಿಗೆ ಮೂಗು ತಾಗಿಸಿ ನಿಂತಾಗ ವಾಲ್ಡೊ "ನನ್ನದೇ ತಪ್ಪು" ಎಂದಿದ್ದ. ನಾನು ಆಗಲೇ ನಂಬಿರಲಿಲ್ಲ.

ಎರಡು ಬೂಟುಗಳು ಬಂದು ನನ್ನ ಕಿವಿಯ ಹತ್ತಿರ ನಿಂತವು.

"ಇಡಾ, ಅಲ್ಲೇನು ಮಾಡ್ತಿದ್ದೀಯ ಮಾರಾಯ್ತಿ? ಪರೀಕ್ಷೆ ಮಾಡೋಕೆ ಸರ್ಕಾರದಿಂದ ಒಬ್ಬರನ್ನ ಕರೆಸಿದ್ದೀನಿ. ಇಬ್ಬರು ಬೇಕಾಗಿಲ್ಲ," ಎಂದ ವಾಲ್ಡೊ, ನಗುತ್ತಾ.

"ಸ್ಪ್ಯಾನರ್ ತಗೊಂಡು ಕೆಳಗೆ ಬಾ," ಎಂದೆ. "ನಗು ಮೇಲೇ ಬಿಟ್ಟು ಬಾ."

ಅವನು ತೆವಳಿಕೊಂಡು ಬಂದು ಪಕ್ಕದಲ್ಲಿ ಮಲಗಿದ. ನಾನು ಅವನ ಕೈ ಹಿಡಿದು ನಟ್ಟಿನ ಮೇಲಿಟ್ಟೆ. ಕೈ ಹಿಡಿದೇ ತೋರಿಸಬೇಕಿತ್ತು. ವಾಲ್ಡೊನ ಕಣ್ಣಿನ ನಟ್ಟನಡುವೆ ಮಸುಕು ಕವಿದು ವರ್ಷವಾಗುತ್ತಾ ಬಂದಿದೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಬರುವ ವಸಂತಕ್ಕೆ ಅದೂ ಇರುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ವಿಮಾನ ಹಾರಿಸುವ ಪರವಾನಗಿ ಹೋಯಿತು, ಅದಕ್ಕೇ ಜೆಟ್ಟನ್ನು ಮಾರಲು ಹೊರಟಿದ್ದ. ಮಗಳು ಕಾಲೀನ್ ಹೈಸ್ಕೂಲಿನಲ್ಲಿದ್ದಾಗ ಕಟ್ಟಲು ಶುರು ಮಾಡಿದ್ದು, ಈಗ ಅವಳು ಗೋಧಿ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಓಡಿಸುತ್ತಾಳೆ.

ನಟ್ಟು ಅವನ ಬೆರಳಿಗೂ ತಿರುಗಿತು.

"ನಾನು ಬಿಗಿ ಮಾಡಿದ್ದೆ," ಎಂದ. "ಅಮ್ಮನಾಣೆಗೂ ಬಿಗಿ ಮಾಡಿದ್ದೆ ಇಡಾ."

"ಗೊತ್ತು. ಹೊಸ ಗೀಟು ಇದು. ಎಳೆದದ್ದು ನೀನಾ?"

"ಈ ನಟ್ಟಿಗಾ? ಇಲ್ಲಪ್ಪಾ. ಇದಕ್ಕೆ ಎಳೆದು ಎಷ್ಟು ಕಾಲವಾಯ್ತು."

"ಹಾಗಾದ್ರೆ ನಡೆ, ಪರೀಕ್ಷೆಗೆ ಬಂದಿರೋ ಮುಂಟ್‌ಗೆ ಹೇಳೋಣ. ಇವತ್ತು ಹಾರೋಕೆ ಕಾಗದ ಬರೆಯೋದು ಬೇಡ."

ಅವನು ನನ್ನ ತೋಳು ಹಿಡಿದ. ಇಕ್ಕಳ ಹಿಡಿದ ಹಾಗೆ.

"ಬೇಡ ಇಡಾ. ನಿನ್ನ ಕಾಲಿಗೆ ಬೀಳ್ತೀನಿ. ಹೇಳಿದ್ರೆ ಆ ಮನುಷ್ಯ ಪೆನ್ನು ಮುಚ್ಚಿಕೊಂಡು ಹೋಗ್ತಾನೆ. ಮತ್ತೆ ಬರೋದು ಚಳಿಗಾಲ ಕಳೆದು ವಸಂತಕ್ಕೆ. ವಸಂತಕ್ಕೆ ನನ್ನ ಕಣ್ಣಿರಲ್ಲ. ಒಂದು ಸಲ, ಒಂದೇ ಒಂದು ಸಲ ಅದು ಆಕಾಶದಲ್ಲಿರೋದನ್ನ ನೋಡ್ಬೇಕು. ಆಮೇಲೆ ಕೊಳ್ಳೋಕೆ ಬಂದಿರೋ ಆ ಗಾಲ್ಟ್ ತಗೊಂಡು ಹೋಗ್ಲಿ, ಚಂದ್ರಲೋಕಕ್ಕೆ ಬೇಕಾದ್ರೂ ಹೋಗ್ಲಿ."

ಹಾಳಾದ ಹಳೇ ಗೆಳೆತನ. ನನ್ನ ಬಾಯಿಗೆ ಅದೇ ಬೀಗ ಹಾಕಿತು.

"ಕಾಲೀನ್‌ಗೆ ಹೇಳೇ ಹೇಳ್ತೀನಿ," ಎಂದೆ. "ಒಳಗೆ ಕೂರೋಳು ಅವಳು."

ವಾಲ್ಡೊ ನಟ್ಟನ್ನು ನನ್ನ ಕಣ್ಣೆದುರೇ ಬಿಗಿ ಮಾಡಿದ. ನಾನು ಸ್ಪ್ಯಾನರ್ ಕಸಿದುಕೊಂಡು ಮತ್ತೊಮ್ಮೆ ತಿರುಗಿಸಿ ನೋಡಿದೆ. ಅಲುಗಲಿಲ್ಲ.

ಕಾಲೀನ್ ಹ್ಯಾಂಗರಿನ ಬಾಗಿಲಲ್ಲಿ ನಿಂತು, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದತ್ತ ನೋಡುತ್ತಿದ್ದಳು. ಅಪ್ಪನ ದವಡೆ, ಅಮ್ಮನ ಹಟ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಮುಖ ಒಂದು ಕ್ಷಣ ಬಿಳಿಚಿತು, ಅಷ್ಟೆ.

"ಯಾರು ಆಂಟಿ?"

"ಅದನ್ನೇ ಹುಡುಕ್ತೀನಿ. ಅಲ್ಲೀತನಕ ನೀನು ಹಾರಬೇಡ."

"ಸರಿ. ಇವತ್ತು ಬರೀ ಓಡಿಸ್ತೀನಿ, ರನ್‌ವೇ ಈ ತುದಿಯಿಂದ ಆ ತುದಿಗೆ. ಚಕ್ರ ನೆಲ ಬಿಡಲ್ಲ. ನಾಳೆ ಎಲ್ಲಾ ಬಿಚ್ಚಿ ಒಂದೊಂದು ನಟ್ಟೂ ನೋಡೋಣ. ಸಾಕಾ?"

"ಓಡಿಸೋದಾದ್ರೂ ಯಾಕೆ?"

"ಓಡಿಸದೇ ಇದ್ರೆ ಗಾಲ್ಟ್ ಯಾಕೆ ಅಂತ ಕೇಳ್ತಾನೆ. ಮುಂಟ್ ಯಾಕೆ ಅಂತ ಕೇಳ್ತಾನೆ. ಅಪ್ಪ ಅಳ್ತಾರೆ." ಅವಳು ದನಿ ತಗ್ಗಿಸಿದಳು. "ಅಪ್ಪ ಅತ್ತಿದ್ದು ನಾನು ನೋಡಿಲ್ಲ ಆಂಟಿ. ನೋಡೋ ಧೈರ್ಯ ಇಲ್ಲ."

"ಚಕ್ರ ನೆಲ ಬಿಡಬಾರದು."

"ಬಿಡಲ್ಲ ಅಂದ್ನಲ್ಲ."

ಅವಳ ಮಾತನ್ನು ನಂಬಿದೆ. ನಂಬದೆ ಏನು ಮಾಡಲಿ?

ಈಗ ನೋಡಿ, ವಾಲ್ಡೊನ ಕಿತ್ತಳೆ ಬಣ್ಣದ ಟ್ಯೂಬು ಇರುವುದು ಹ್ಯಾಂಗರಿನಲ್ಲಿ ಅಲ್ಲ. ಒಣಗಬಾರದೆಂದು ಅದನ್ನು ಅಡುಗೆಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆ ಇಡುವ ಗೂಡಿನಲ್ಲಿ ಇಡುತ್ತಾನೆ. ಹಾಗಾಗಿ ಗೀಟು ಎಳೆದವರು ಫ್ರಿಜ್ಜು ತೆಗೆಯುವಷ್ಟು ಸಲಿಗೆ ಇರುವವರೇ ಆಗಿರಬೇಕು.

ಮೊದಲನೆಯವನು ಪ್ರೆಸ್ಟನ್ ಗಾಲ್ಟ್. ಜೆಟ್ಟು ಕೊಳ್ಳಲು ಬಾಯ್ಸಿ ನಗರದಿಂದ ಬಂದು ಟ್ರಾಸ್ಕರ ಮನೆಯಲ್ಲೇ ಅತಿಥಿಯಾಗಿ ಉಳಿದವನು. ಹ್ಯಾಂಗರಿನ ಮುಂದೆ ಕುರ್ಚಿ ಹಾಕಿಕೊಂಡು, ಬೆಲೆಯ ಚೀಟಿಯೂ ಕಿತ್ತಿರದಂಥ ಹೊಸ ಚರ್ಮದ ಜಾಕೆಟ್ಟಿನಲ್ಲಿ ಕೂತಿದ್ದ.

"ಏನು ಮೇಡಂ, ಬೆನ್ನೆಲ್ಲ ಧೂಳು?" ಎಂದ.

"ನೆಲದ ಮೇಲೆ ಬಿದ್ದದ್ದು ಹುಡುಕ್ತಿದ್ದೆ."

"ಸಿಕ್ತಾ?"

"ಸಿಕ್ತು."

ಅವನು ಹುಬ್ಬು ಕೂಡ ಎತ್ತಲಿಲ್ಲ. "ನನ್ನ ಮಾತು ಒಂದೇ. ಕಾಗದ ಆಗಬೇಕು, ಒಮ್ಮೆ ಹಾರಬೇಕು. ಹಾರದ ಜೆಟ್ಟು ನನ್ನ ಲೆಕ್ಕಕ್ಕೆ ಅಲ್ಯೂಮಿನಿಯಂ ಗುಜರಿ," ಎಂದ. ಬ್ರೇಕು ಕಳಚಿದ ದಿನ ಬೆಲೆ ಇಳಿಸಿ ಎಂದು ಕೇಳಿದವನೂ ಇವನೇ. ಆದರೆ ಬೆಂಕಿ ಹತ್ತಿದ ಜೆಟ್ಟು ಅಗ್ಗವಾಗುವುದಿಲ್ಲ, ಬೂದಿಯಾಗುತ್ತದೆ. ಇವನಿಗೆ ಅಷ್ಟು ತಿಳಿಯದೇ?

ಎರಡನೆಯವನು ಡ್ವೈಟ್ ಆರ್ಮ್ಸ್‌ಬಿ. ವಾಲ್ಡೊ ಬಿಡಿಭಾಗ ತರಿಸಿದ ವರ್ಷವೇ ಅದೇ ಜೆಟ್ಟಿನ ಬಿಡಿಭಾಗ ತರಿಸಿದ್ದ. ಅವನದು ಇವತ್ತಿಗೂ ಟಾರ್ಪಾಲಿನ ಕೆಳಗೆ ಅರ್ಧ ರೆಕ್ಕೆಯಾಗಿ ಮಲಗಿದೆ, ಅದರೊಳಗೆ ಇಲಿ ಮರಿ ಹಾಕಿದೆ. ದಿನಾ ಬೆಳಿಗ್ಗೆ ಕಾಫಿಗೆಂದು ಬಂದು ವಾಲ್ಡೊನ ಜೆಟ್ಟನ್ನು ಸವರಿ "ಚೆನ್ನಾಗಿ ಬಂದಿದೆ ಕಣಯ್ಯಾ" ಎನ್ನುತ್ತಾನೆ. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡ ಮುಖದಲ್ಲಿ.

ಇವತ್ತು ಅವನು ಬೇಲಿಯ ಬಳಿ ಒಬ್ಬನೇ ನಿಂತಿದ್ದ. ನನ್ನನ್ನು ನೋಡಿ ಎರಡೂ ಕೈಗಳನ್ನು ಜೇಬಿನೊಳಗೆ ಹಾಕಿಕೊಂಡ.

"ಚಳಿ," ಎಂದ, ನಾನು ಏನೂ ಕೇಳದೆಯೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆ ಕೈಗಳನ್ನು ಹೊರಗೆ ತೆಗೆಸಬೇಕೆಂದು ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಜಗುಲಿಯಿಂದ ಮುಂಟ್ ಕೂಗಿದರು.

"ಆಯ್ತು! ಇನ್ನು ಇದು ವಿಮಾನ!"

ಫೆರಿಸ್ ಮುಂಟ್ ಸರ್ಕಾರದ ಪರವಾಗಿ ಪರೀಕ್ಷೆ ಮಾಡುವವರು. ದಪ್ಪ ಕನ್ನಡಕ, ನಿಧಾನದ ಮನುಷ್ಯ. ಬೆಳಗಿನಿಂದ ಟಾರ್ಚು, ಉದ್ದ ಹಿಡಿಯ ಕನ್ನಡಿ ಹಿಡಿದು ಜೆಟ್ಟಿನ ಸಂದುಗೊಂದು ಜಾಲಾಡಿದ್ದರು. ಅರ್ಧಕ್ಕಿಂತ ಹೆಚ್ಚು ಕೆಲಸ ಸ್ವಂತ ಕೈಯಲ್ಲಿ ಮಾಡಿದ್ದರೆ ಮಾತ್ರ ಮನೆಯಲ್ಲಿ ಕಟ್ಟಿದ ವಿಮಾನವೆಂದು ಕಾಗದ ಸಿಗುವುದು. "ಈ ರಿವೆಟ್ಟು ಬಡಿಯೋವಾಗ ಹಿಂದಿನಿಂದ ಕಬ್ಬಿಣ ಒತ್ತಿ ಹಿಡಿದವರು ಯಾರು?" ಎಂದು ಅವರು ಕೇಳಿದಾಗಲೆಲ್ಲ ವಾಲ್ಡೊ ಹೆಂಡತಿ ಬರ್ನೀಸಳತ್ತ ಬೆರಳು ತೋರಿಸಿದ್ದ. "ಅವಳೇ. ಬಾಲ ಪೂರ್ತಿ ಅವಳದ್ದೇ. ಒಳಗೆ ತೂರೋಕೆ ನನ್ನ ಹೊಟ್ಟೆ ಬಿಡ್ತಿರ್ಲಿಲ್ಲ." ಎಲ್ಲರೂ ನಕ್ಕಿದ್ದರು. ಬರ್ನೀಸ್ ಮಾತ್ರ ನಕ್ಕಿರಲಿಲ್ಲ. ಅದು ನನಗೆ ಆಗ ಏನೂ ಅನ್ನಿಸಲಿಲ್ಲ.

ಈಗ ಮುಂಟ್ ಗುಲಾಬಿ ಬಣ್ಣದ ಕಾಗದಕ್ಕೆ ಸಹಿ ಹಾಕಿ ವಾಲ್ಡೊನ ಕೈಗಿತ್ತರು. ವಾಲ್ಡೊ ಅದನ್ನು ಕಣ್ಣಂಚಿಗೆ ತಂದು, ತಲೆ ಓರೆ ಮಾಡಿ, ಹಕ್ಕಿ ನೋಡುವ ಹಾಗೆ ನೋಡಿದ. ನೋಡಲಾರದೆ ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಬರ್ನೀಸ್ ಸಿಂಕಿನ ಮುಂದೆ ನಿಂತು ಹಣ್ಣು ತುಂಬಿದ ಪೈ ಬೇಯಿಸಿದ ತಟ್ಟೆ ಉಜ್ಜುತ್ತಿದ್ದಳು. ನಾನು ಕಾಗದದ ತಟ್ಟೆಗಳನ್ನು ಕಸದ ಡಬ್ಬಿಗೆ ಹಾಕಲು ಮುಚ್ಚಳ ತೆರೆದೆ. ಮೂಗಿಗೆ ರಪ್ಪನೆ ಒಂದು ವಾಸನೆ ಬಡಿಯಿತು. ಉಗುರಿನ ಬಣ್ಣ ತೆಗೆಯುವ ದ್ರಾವಣದ ವಾಸನೆ. ಮೊಟ್ಟೆಯ ಓಡುಗಳ ನಡುವೆ ಹತ್ತಿಯ ಉಂಡೆಯೊಂದು ಬಿದ್ದಿತ್ತು. ಅದರ ತುಂಬಾ ಕಿತ್ತಳೆ ಬಣ್ಣ.

ಬರ್ನೀಸ್ ಜನ್ಮದಲ್ಲಿ ಉಗುರಿಗೆ ಬಣ್ಣ ಹಚ್ಚಿದವಳಲ್ಲ.

ಗಾಲ್ಟ್ ಆಗಿದ್ದರೆ ಖುಷಿಪಡುತ್ತಿದ್ದೆ. ಡ್ವೈಟ್ ಆಗಿದ್ದರೂ ತಡೆದುಕೊಳ್ಳುತ್ತಿದ್ದೆ. ನನ್ನ ಗಂಡ ಸತ್ತ ವಾರವೆಲ್ಲ ನನಗೆ ಊಟ ಹೊತ್ತು ತಂದವಳು ಇವಳು.

"ಬರ್ನೀಸ್, ಇದೇನೇ ಇದು?"

ಅವಳು ತಿರುಗಿ ಹತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ತಟ್ಟೆ ಉಜ್ಜತೊಡಗಿದಳು.

"ನೀನು ಮೂಗು ತೂರಿಸದೇ ಇರೋ ಜಾಗ ಅಂತ ಈ ಊರಲ್ಲಿ ಕಸದ ಡಬ್ಬಿ ಒಂದಿತ್ತು. ಅದೂ ಹೋಯ್ತು."

"ತಮಾಷೆ ಬೇಡ. ನಟ್ಟು ಸಡಿಲ ಮಾಡಿದ್ದು ನೀನಾ?"

ಹೊರಗೆ ಜೆಟ್ಟು ಎಚ್ಚರಗೊಂಡಿತು. ಮೊದಲು ಸಣ್ಣ ಸಿಳ್ಳೆ, ಆಮೇಲೆ ಕಿಟಕಿಯ ಗಾಜು ನಡುಗುವಂಥ ಕೂಗು. ಬರ್ನೀಸಳ ಕೈ ನಿಂತಿತು.

"ಹೌದು," ಎಂದಳು.

"ನಿನಗೇನು ತಲೆ ಕೆಟ್ಟಿದ್ಯಾ? ಒಳಗೆ ಕೂತಿರೋದು ಯಾರು? ನೀನು ಹೆತ್ತ ಮಗಳು ಕಣೇ!"

"ಅದಕ್ಕೇ ಮಾಡಿದ್ದು!" ಅವಳು ತಟ್ಟೆಯನ್ನು ಸಿಂಕಿನೊಳಕ್ಕೆ ಬಿಸಾಕಿದಳು. "ನಾನು ಹೇಳ್ಲಿಲ್ವಾ? ಬೇಡ ಅಂತ ಅವರಿಗೆ ಹೇಳಿದೆ, ಅವಳಿಗೆ ಹೇಳಿದೆ. ಬಿಚ್ಚಿ ಬಿಡಿಬಿಡಿಯಾಗಿ ಮಾರಿಬಿಡೋಣ ಅಂದೆ. ಒಂದು ಸಲ ನೋಡ್ಬೇಕು ಅಂತಾರೆ. ಅವರ ಕಣ್ಣಿಗೋಸ್ಕರ ನನ್ನ ಮಗಳನ್ನ ಕೊಡ್ಲಾ? ಇಷ್ಟು ಜನ ಇದ್ದೀರ, ದಿನಾ ಬಂದು ಪೈ ತಿಂತೀರ, ಒಬ್ಬರಾದ್ರೂ ಬೇಡ ಅಂದ್ರಾ? ನೀನು ಅಂದ್ಯಾ?"

ನಾನು ಅಂದಿರಲಿಲ್ಲ.

"ಅದಕ್ಕೆ ಒಂದು ನಟ್ಟು ಸಡಿಲ ಮಾಡಿದೆ," ಎಂದಳು. ಈಗ ದನಿ ಕುಸಿದಿತ್ತು. "ಮುಂಟ್ ನೋಡ್ತಾರೆ, ಕಾಗದ ಕೊಡಲ್ಲ ಅಂತಾರೆ, ಚಳಿಗಾಲ ಬರುತ್ತೆ, ಗಾಲ್ಟ್ ಗಂಟುಮೂಟೆ ಕಟ್ಟಿಕೊಂಡು ಹೋಗ್ತಾನೆ. ಯಾರ ಮೇಲೂ ತಪ್ಪು ಬರಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ ಅಂದ್ಕೊಂಡೆ."

"ಮುಂಟ್ ನೋಡಿ ಸುಮ್ಮನೆ ಹೋದಾಗ ಬಾಯಿ ಬಿಡಬಾರದಿತ್ತಾ?"

"ಬಿಡಬೇಕು ಅಂತಾನೇ ಇದ್ದೆ. ಅಷ್ಟರಲ್ಲಿ ಕಾಲೀನ್ ಹೆಲ್ಮೆಟ್ ತಗೊಳ್ಳೋಕೆ ಬಂದು ಹೇಳಿದ್ಲು, ಇಡಾ ಆಂಟಿಗೆ ಸಡಿಲ ನಟ್ಟು ಸಿಕ್ತು, ಅಪ್ಪ ಬಿಗಿ ಮಾಡಿದ್ರು ಅಂತ. ದೇವರು ದೊಡ್ಡವನು ಅಂದ್ಕೊಂಡೆ. ಸಿಕ್ತಲ್ಲ ಇಡಾ, ಬಿಗಿ ಆಯ್ತಲ್ಲ. ಇವತ್ತು ಹೇಗೂ ಹಾರಲ್ಲ. ಎಲ್ಲಾನೂ ರಾತ್ರಿ ನಾನೇ ಅವರ ಹತ್ತಿರ ಒಪ್ಕೊಳ್ತೀನಿ, ನೀನು ಹೇಳಬೇಡ." ಅವಳು ಮೊದಲ ಬಾರಿಗೆ ಅತ್ತಳು, ಒದ್ದೆ ಕೈಗಳಲ್ಲೇ ಮುಖ ಮುಚ್ಚಿಕೊಂಡು.

ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ಎರಡು ಬಾರಿಸಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಏನೋ ಒಂದು ಕಲ್ಲು ಹಲ್ಲಿಗೆ ಸಿಕ್ಕಿದ ಹಾಗೆ ಕಿರಿಕಿರಿ ಮಾಡುತ್ತಿತ್ತು. ಬರ್ನೀಸಳ ಸೊಂಟದಲ್ಲಿ ಬೇಸಿಗೆಯಲ್ಲಷ್ಟೇ ಉಕ್ಕಿನ ಕೀಲು ಕೂರಿಸಿದ್ದರು. ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ ಅವಳಿಗೆ.

"ಈ ಸೊಂಟ ಇಟ್ಕೊಂಡು ಹೊಟ್ಟೆ ಕೆಳಗೆ ಹೇಗೆ ತೂರಿದೆಯೇ?"

ಅವಳು ಮುಖದಿಂದ ಕೈ ತೆಗೆದಳು.

"ಯಾವ ಹೊಟ್ಟೆ ಕೆಳಗೆ?"

"ಜೆಟ್ಟಿನ ಹೊಟ್ಟೆ ಕೆಳಗೆ. ಇಂಧನದ ಕೊಳವೆ ನಟ್ಟು."

"ಇಂಧನದ ಕೊಳವೆನಾ?" ಎಂದಳು ಬರ್ನೀಸ್. "ನಾನ್ಯಾಕೆ ಅದನ್ನ ಮುಟ್ಟಲಿ? ಬೆಂಕಿ ಹತ್ತಲ್ವಾ?"

ಹೊರಗೆ ಜೆಟ್ಟಿನ ಕೂಗು ಮೆಲ್ಲಗೆ ದೂರ ಸರಿಯಿತು. ಕಾಲೀನ್ ರನ್‌ವೇಯ ತುದಿಗೆ ಹೋಗುತ್ತಿದ್ದಾಳೆ.

"ಮತ್ತೆ ನೀನು ಸಡಿಲ ಮಾಡಿದ್ದು ಯಾವುದು?"

"ಸೀಟಿನ ಹಿಂದಿಂದು. ಬಾಲಕ್ಕೆ ಹೋಗೋ ಸರಳಿಂದು. ನಿನ್ನೆ ಸೀಟು ಕೂರಿಸೋ ಮುಂಚೆ ನಿಂತುಕೊಂಡೇ ಕೈ ಹಾಕಿದೆ. ಆ ಬಾಲ ನಾನೇ ಕಟ್ಟಿದ್ದಲ್ವಾ, ಯಾವ ನಟ್ಟು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?"

ಪೈಲಟ್ ಕೈಯಲ್ಲಿರುವ ಕೋಲನ್ನು ಎಳೆದರೆ ಮೂಗು ಮೇಲೇಳುತ್ತದೆ, ಒತ್ತಿದರೆ ಇಳಿಯುತ್ತದೆ. ಆ ಕೋಲಿನ ಮಾತನ್ನು ಬಾಲಕ್ಕೆ ಮುಟ್ಟಿಸುವುದು ಈ ಸರಳು. ಅದು ತಿರುಪಿನಿಂದ ಕಳಚದಂತೆ ಹಿಡಿದಿಡುವುದು ಆ ಒಂದು ನಟ್ಟು. ನಟ್ಟು ಸಡಿಲಾಗಿದ್ದರೆ ನೆಲದ ಮೇಲೆ ಏನೇನೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ, ನಡುಕಕ್ಕೆ, ಸರಳು ಸ್ವಲ್ಪ ಸ್ವಲ್ಪವೇ ತಿರುಚಿಕೊಂಡು ಬಿಚ್ಚಿಕೊಳ್ಳುತ್ತದೆ. ಆಮೇಲೆ ಕೋಲು ಎಳೆದವರ ಕೈಗೆ ಬರೀ ಕೋಲು ಸಿಗುತ್ತದೆ.

"ಗೀಟು?" ಎಂದೆ. "ಅದರ ಮೇಲೆ ಗೀಟು ಎಳೆದೆಯಾ?"

"ನಾನ್ಯಾಕೆ ಎಳೀಲಿ? ಇದ್ದದ್ದನ್ನ ಒರೆಸಿ ತೆಗೆದೆ, ಆ ಹತ್ತೀಲಿ. ಬೋಳಾಗಿದ್ರೆ ತಾನೇ ಮುಂಟ್ ಕಣ್ಣಿಗೆ ಬೀಳೋದು?"

ಹತ್ತಿಯ ಬಣ್ಣ ಎಳೆದದ್ದಲ್ಲ, ಒರೆಸಿದ್ದು. ನಾನು ಎಂಥಾ ದಡ್ಡಿ!

ಜಗುಲಿಗೆ ಓಡಿದೆ. ಓಡಿದೆ ಎಂದರೆ ನನ್ನ ಮಂಡಿ ಬಿಟ್ಟಷ್ಟು ಓಡಿದೆ. ಮುಂಟ್ ಕೊನೆಯ ತುತ್ತು ಪೈ ಬಾಯಿಗಿಡುತ್ತಿದ್ದರು.

"ಮುಂಟ್ ಅವರೇ, ಸೀಟಿನ ಹಿಂದೆ, ಸರಳಿನ ನಟ್ಟು. ನೋಡಿದ್ರಾ?"

"ನೋಡದೇ ಇರ್ತೀನಾ ಮೇಡಂ? ಕನ್ನಡಿ ಇಟ್ಟು ನೋಡಿದೆ. ಕಿತ್ತಳೆ ಗೀಟು ಚೆನ್ನಾಗಿತ್ತು."

"ಬೋಳಾಗಿರ್ಲಿಲ್ವಾ?"

"ಇಲ್ಲ. ಹೊಸದಾಗಿ ಹಚ್ಚಿದ್ರು. ವಾಲ್ಡೊನೇ ಹೇಳಿದ್ರು, ಬೆಳಿಗ್ಗೆ ಟಾರ್ಚು ಬಿಟ್ಟು ನೋಡಿದ್ರೆ ಅದೊಂದಕ್ಕೆ ಗೀಟೇ ಇರ್ಲಿಲ್ಲ, ಕಣ್ಣು ತಪ್ಪಿ ಬಿಟ್ಟುಹೋಗಿತ್ತು, ಈಗ ಎಳೆದೆ ಅಂತ. ಪಾಪ, ನಾಚಿಕೆ ಪಟ್ಟುಕೊಂಡ್ರು."

"ಸ್ಪ್ಯಾನರ್ ಹಾಕಿ ನೋಡಿ ಎಳೆದ್ರಂತಾ?"

ಮುಂಟ್ ಚಮಚ ಕೆಳಗಿಟ್ಟರು. "ಸೀಟು ಕೂರಿಸಿದ ಮೇಲೆ ಅಲ್ಲಿಗೆ ಸ್ಪ್ಯಾನರ್ ಹೋಗಲ್ಲ. ಕುಂಚ ಹೋಗುತ್ತೆ." ಹೇಳುತ್ತಾ ಹೇಳುತ್ತಾ ಅವರ ಮುಖದ ರಕ್ತ ಇಳಿಯಿತು. "ಯಾಕೆ? ಏನಾಗಿದೆ?"

ಆಗಿದ್ದಿಷ್ಟು. ಹೆಂಡತಿ ಬೋಳು ಮಾಡಿದ ನಟ್ಟನ್ನು ಗಂಡ ತನ್ನ ಕಣ್ಣಿನ ತಪ್ಪು ಎಂದುಕೊಂಡ. ಕಣ್ಣು ಎಷ್ಟು ಹೋಗಿದೆಯೆಂದು ಯಾರಿಗೂ ಗೊತ್ತಾಗಬಾರದೆಂದು, ಬಿಗಿ ಇದೆಯೋ ಇಲ್ಲವೋ ನೋಡದೆ, ತನ್ನ ಕೈಯಾರೆ ಆಣೆಯ ಗೀಟು ಎಳೆದ. ಗೀಟು ಇದ್ದರೆ ನಟ್ಟು ಬಿಗಿಯಾಗಿದೆ ಎಂದು ನಮ್ಮ ಪೈಕಿ ಯಾರೇ ಆದರೂ ನಂಬುತ್ತಾರೆ. ಮುಂಟ್ ನಂಬಿದರು.

ಹಾಗಾದರೆ ಹೊಟ್ಟೆಯ ಕೆಳಗಿನ ನಟ್ಟು? ಅದಕ್ಕೆ ಹಸಿ ಗೀಟು ಎಳೆದ ಕೈ ಬೇರೆಯದು. ಅದು ಈಗಲೂ ಇಲ್ಲೇ, ನಮ್ಮ ನಡುವೆ ಓಡಾಡುತ್ತಿದೆ. ಡ್ವೈಟ್ ನಿಂತಿದ್ದ ಜಾಗ ಖಾಲಿಯಾಗಿತ್ತು. ಗಾಲ್ಟನ ಕುರ್ಚಿಯೂ ಖಾಲಿಯಾಗಿತ್ತು. ಆದರೆ ಅವರನ್ನು ಹುಡುಕುವ ಹೊತ್ತೇ ಇದು?

'ಬರೀ ಓಡಿಸ್ತೀನಿ ಅಂದಿದ್ದಾಳೆ, ಚಕ್ರ ನೆಲ ಬಿಡಲ್ಲ ಅಂದಿದ್ದಾಳೆ' ಎಂದು ಮಂತ್ರದ ಹಾಗೆ ಹೇಳಿಕೊಳ್ಳುತ್ತಾ ಬೇಲಿಯತ್ತ ಓಡಿದೆ. ಹಿಂದೆ ಮುಂಟ್, ಅವರ ಹಿಂದೆ ಕುಂಟುತ್ತಾ ಬರ್ನೀಸ್. ಜೆಟ್ಟಿನ ಕೂಗು ರನ್‌ವೇಯ ಉದ್ದಕ್ಕೂ ಏರುತ್ತಾ ಬಂತು. ಈಗ ತಗ್ಗಬೇಕು. ಈಗ ತಗ್ಗಲೇಬೇಕು.

ತಗ್ಗಲಿಲ್ಲ. ಕೂಗು ನೆಲ ಬಿಟ್ಟು ಆಕಾಶಕ್ಕೆ ಹೋಯಿತು.

ವಾಲ್ಡೊ ಬೇಲಿಗೆ ಒರಗಿ, ತಲೆಯನ್ನು ಓರೆ ಮಾಡಿ ಮೇಲೆತ್ತಿ ನಿಂತಿದ್ದ. ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ನನ್ನ ಹೆಜ್ಜೆಯ ಸದ್ದಿಗೇ ಕೈ ಚಾಚಿ ನನ್ನ ಭುಜ ಹುಡುಕಿ ಹಿಡಿದ.

"ಇಡಾ! ಎದ್ದುಬಿಟ್ಲು ಕಣೇ! ಕಾಣಿ‌ಸ್ತಾ ಇದೆ. ನೋಡು, ಅಲ್ಲಿ, ಬಿಳೀದು. ನನಗೆ ಕಾಣಿಸ್ತಾ ಇದೆ ಇಡಾ!"

"ವಾಲ್ಡೊ, ರೇಡಿಯೊ ಕೊಡು."

ಅವನಿಗೆ ಕೇಳಿಸಲೇ ಇಲ್ಲ. ಅವನ ಇನ್ನೊಂದು ಕೈಯಲ್ಲಿದ್ದ ರೇಡಿಯೊದಲ್ಲಿ ಕಾಲೀನಳ ದನಿ ಬಂತು. ಚಿಕ್ಕ ಹುಡುಗಿಯ ಹಾಗೆ ನಗುತ್ತಿದ್ದಳು.

"ಅಪ್ಪಾ, ಬೈಬೇಡಿ. ತಾನಾಗೇ ಎದ್ದುಬಿಡ್ತು, ಬೆಣ್ಣೆ ಹಾಗಿದೆ. ಅಪ್ಪಾ, ಕಾಣಿಸ್ತಿದೀನಾ?"

"ಕಾಣಿಸ್ತಿದೀಯ ಮಗಳೇ, ಸ್ವಲ್ಪ ಸಣ್ಣಗೆ."

"ಹತ್ತಿರ ಬರ್ತೀನಿ ಇರಿ. ನಿಮ್ಮ ತಲೆ ಮೇಲೆ, ತೀರಾ ಕೆಳಗೆ. ಅಲ್ಲಿಂದ ಕೋಲು ಜೋರಾಗಿ ಎಳೆದು ನೆಟ್ಟಗೆ ಮೇಲಕ್ಕೆ ಏರಿಸ್ತೀನಿ. ಆಗ ಚೆನ್ನಾಗಿ ಕಾಣುತ್ತೆ."

ದೂರದಲ್ಲಿ ಆ ಬಿಳಿ ಚುಕ್ಕೆ ತಿರುಗಿ ನಮ್ಮತ್ತ ಮೂಗು ಮಾಡಿತು. ಹಿಂದೆ ಬರ್ನೀಸ್ ಮಗಳ ಹೆಸರು ಹಿಡಿದು ಚೀರಿದಳು. ನಾನು ರೇಡಿಯೊಗೆ ಕೈ ಹಾಕಿದೆ. ವಾಲ್ಡೊ ಅದನ್ನು ಎರಡೂ ಕೈಯಲ್ಲಿ ಬಾಯಿಗೆ ಒತ್ತಿ ಹಿಡಿದುಕೊಂಡಿದ್ದ.

"ಬಾ ಮಗಳೇ," ಎನ್ನುತ್ತಿದ್ದ. "ಇನ್ನೂ ಕೆಳಗೆ ಬಾ."